ಕೊನೆಯ ಕುರ್ಚಿಗಾಗಿ ನೂಕುನುಗ್ಗಲು

ಸಭಾಂಗಣದ ಬಾಗಿಲಲ್ಲಿ ನಿಂತ ಕನ್ನಡಕದಂಗಡಿಯವನನ್ನು ಕಾಡಿದ ಪ್ರಶ್ನೆ ಒಂದೇ, ಇಲ್ಲಿ ಎಲ್ಲಕ್ಕಿಂತ ಕಡೆಯ ಜಾಗ ಯಾವುದು? ಕೇಳಿದವರಿಗೆ ಇದೊಂದು ಪ್ರಶ್ನೆಯೇ ಅನ್ನಿಸಬಹುದು. ಮದುಮಕ್ಕಳ ಮೇಜು ಎದುರಿನ ವೇದಿಕೆಯ ಮೇಲೆ ಬಿಳಿ ಬಟ್ಟೆ ಹೊದ್ದು ನಿಂತಿತ್ತು, ಅಲ್ಲಿಂದ ದೂರ ಸರಿದಷ್ಟೂ ಜಾಗ ಕೆಳಗಿನದಾಗುತ್ತದೆ, ಅಷ್ಟೇ ತಾನೆ? ಆದರೆ ಅಷ್ಟು ಸುಲಭವಿರಲಿಲ್ಲ. ಎಲ್ಲಕ್ಕಿಂತ ದೂರದ ಮೂಲೆಯಲ್ಲಿ ದೊಡ್ಡ ಕಿಟಕಿಯಿತ್ತು, ತಣ್ಣಗೆ ಗಾಳಿ ಬೀಸುತ್ತಿತ್ತು, ಹೊರಗೆ ಮರದ ನೆರಳಿತ್ತು. ಅಲ್ಲಿ ಕೂತವನನ್ನು ನೋಡಿ ಪಾಪ ಎಂಥ ದೀನ ಎಂದು ಯಾರೂ ಅನ್ನುವುದಿಲ್ಲ, ಎಂಥ ಜಾಣ ಅನ್ನುತ್ತಾರೆ. ಅಡುಗೆಮನೆಯ ಬಾಗಿಲ ಪಕ್ಕದ ಜಾಗ ಸೆಕೆಯದು, ಗದ್ದಲದ್ದು, ಆದರೆ ಬಡಿಸುವವರು ಮೊದಲು ಕಾಲಿಡುವುದೇ ಅಲ್ಲಿ. ಎಲ್ಲರಿಗಿಂತ ಮುಂಚೆ ಬಿಸಿಬಿಸಿ ತಿನ್ನುವುದು ಅದೆಂಥ ದೀನತೆ? ಕೊನೆಗೆ ಅವನ ಕಣ್ಣು ವಾಶ್‌ಬೇಸಿನ್ನಿನ ಪಕ್ಕದ ಕುರ್ಚಿಯ ಮೇಲೆ ನೆಟ್ಟಿತು. ಒಂದು ಕಾಲು ಗಿಡ್ಡವಾದ, ಬೆನ್ನಿಗೆ ಗೋಡೆಯ ತೇವ ತಾಗುವ, ಕೈ ತೊಳೆದವರೆಲ್ಲ ನೀರು ಕೊಡವಿದರೆ ನೇರ ಕಿವಿಗೇ ಬೀಳುವ ಕುರ್ಚಿ. ಅದನ್ನು ಕಂಡದ್ದೇ ಅವನ ಎದೆ ಹಿಗ್ಗಿತು. ಇಷ್ಟು ಕೆಟ್ಟ ಜಾಗ ಇನ್ನೂ ಖಾಲಿ ಇರುವುದು ತನ್ನ ಪುಣ್ಯವೇ ಎಂದುಕೊಂಡು, ಬೇರೆ ಯಾರಾದರೂ ನೋಡಿಬಿಟ್ಟಾರು ಎಂಬ ಭಯದಲ್ಲಿ ಬಿರಬಿರನೆ ಹೆಜ್ಜೆ ಹಾಕಿದ.

ಯಾರಾದರೂ ನೋಡಿಬಿಟ್ಟಾರು ಎಂಬ ಭಯ ಸುಳ್ಳಲ್ಲ. ಅವರ ಚರ್ಚಿನ ಸಭೆಯ ಪಾಸ್ಟರ್ ಪ್ರತಿ ಭಾನುವಾರ ಸುವಾರ್ತೆಯಿಂದ ಒಂದು ಪಾಠವನ್ನು ಆರಿಸಿ, ಅದನ್ನು ಬರೀ ಕೇಳಿ ಹೋಗಬೇಡಿ, ವಾರವಿಡೀ ಬಾಳಿ ತೋರಿಸಿ ಎಂದು ಹೇಳುತ್ತಿದ್ದರು. ಒಳ್ಳೆಯ ಮನುಷ್ಯ, ಒಳ್ಳೆಯ ಉದ್ದೇಶ. ಆದರೆ ಸಭೆಯವರು ಅದನ್ನು ಓಟದ ಪಂದ್ಯ ಮಾಡಿಕೊಂಡಿದ್ದರು. ಒಂದು ಮೈಲಿ ಬಾ ಎಂದವನ ಜೊತೆ ಎರಡು ಮೈಲಿ ಹೋಗು ಎಂಬ ಪಾಠ ಬಂದ ವಾರ ಯಾರೂ ನೆಟ್ಟಗೆ ಮನೆ ಸೇರಲಿಲ್ಲ. ಹಾಡಿನ ಮೇಷ್ಟ್ರು ಇವನನ್ನು ಅಂಗಡಿಯಿಂದ ಮನೆಯವರೆಗೆ ಬಿಡಲು ಬಂದರು, ಸೋಲಬಾರದೆಂದು ಇವನು ಅವರನ್ನು ಅವರ ಮನೆಯವರೆಗೆ ಬಿಟ್ಟ, ಅವರು ಮತ್ತೆ ಇವನನ್ನು, ಇವನು ಮತ್ತೆ ಅವರನ್ನು, ಕೊನೆಗೆ ಇಬ್ಬರ ಹೆಂಡಂದಿರೂ ಬೀದಿಗೆ ಬಂದು ಒಬ್ಬೊಬ್ಬರನ್ನು ಒಂದೊಂದು ಕಡೆ ಎಳೆದುಕೊಂಡು ಹೋಗಬೇಕಾಯಿತು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ವಾರದಲ್ಲಿ ಬಡಗಿ ತನ್ನ ಎಡಗೈಯನ್ನು ಪ್ಯಾಂಟಿನ ಜೇಬಿಗೆ ತುರುಕಿ, ಹಾಗೆ ತುರುಕಿದ್ದು ಎಲ್ಲರಿಗೂ ಕಾಣಲೆಂದು ಕಾಣಿಕೆ ಹಾಕುವ ಸಾಲಿನಲ್ಲಿ ಎರಡು ಸಲ ಬಂದ. ಈ ವಾರದ ಪಾಠ ಔತಣದ್ದು. ಯಾರಾದರೂ ಊಟಕ್ಕೆ ಕರೆದರೆ ಮೇಲಿನ ಜಾಗಕ್ಕೆ ಆಸೆ ಬೀಳಬೇಡ, ನಿನಗಿಂತ ದೊಡ್ಡವರು ಬಂದರೆ ಎಲ್ಲರೆದುರು ಏಳಬೇಕಾಗುತ್ತದೆ, ಕಡೆಯಲ್ಲಿ ಹೋಗಿ ಕೂರು, ಆಗ ಕರೆದವರೇ ಬಂದು ಮೇಲಕ್ಕೆ ಬಾ ಅನ್ನುತ್ತಾರೆ ಎಂದು ಪಾಸ್ಟರ್ ಸಮಾಧಾನವಾಗಿ ಬಿಡಿಸಿ ಹೇಳಿದ್ದರು. ಅದೇ ವಾರ ಇಡೀ ಸಭೆಗೆ ಮದುವೆಯ ಊಟವಿದೆ ಎಂಬುದು ಅವರ ತಲೆಗೆ ಹೊಳೆದಿರಲಿಲ್ಲ.

ಮದುವೆ ಕನ್ನಡಕದಂಗಡಿಯವನ ಅಕ್ಕನ ಮಗಳದು. ಅವನ ಮನಸ್ಸು ತಳಮಳಿಸುತ್ತಿದ್ದುದು ಅದಕ್ಕೇ. ಬೇರೆಯವರೆಲ್ಲ ಆ ಪಾಠದ ಮೊದಲರ್ಧವನ್ನು ಹಿಡಿದುಕೊಂಡಿದ್ದರೆ ಇವನು ಹಿಡಿದುಕೊಂಡಿದ್ದು ಎರಡನೆಯ ಅರ್ಧವನ್ನು. ಕರೆದವರೇ ಬಂದು ಮೇಲಕ್ಕೆ ಬಾ ಅನ್ನುತ್ತಾರೆ. ಕರೆದವಳು ಅಕ್ಕ. ಅಕ್ಕ ವೇದಿಕೆಯಿಂದ ಇಳಿದು, ಇಷ್ಟುದ್ದದ ಸಭಾಂಗಣವನ್ನು ದಾಟಿ, ಬೇಸಿನ್ನಿನ ಪಕ್ಕದ ಈ ಕುಂಟು ಕುರ್ಚಿಯವರೆಗೆ ಬಂದು, ಎಲ್ಲರೂ ನೋಡುತ್ತಿರುವಂತೆ ಕೈ ಹಿಡಿದು, ಇಲ್ಲೇಕೋ ಕೂತೆ, ನೀನು ಕೂರಬೇಕಾದ್ದು ನನ್ನ ಪಕ್ಕ ಎಂದು ಎಬ್ಬಿಸಬೇಕು. ಇವನು ಬೇಡ ಅಕ್ಕಾ ಎನ್ನಬೇಕು. ಅವಳು ಬಿಡಬಾರದು. ಭಾನುವಾರದಿಂದ ಈ ದೃಶ್ಯವನ್ನು ಅವನು ಅಂಗಡಿಯಲ್ಲಿ ಗಾಜು ಒರೆಸುತ್ತ, ಕಣ್ಣು ಪರೀಕ್ಷೆಗೆ ಬಂದವರಿಗೆ ಅಕ್ಷರದ ಬೋರ್ಡು ತೋರಿಸುತ್ತ, ರಾತ್ರಿ ಹಲ್ಲುಜ್ಜುತ್ತ ಎಷ್ಟು ಸಲ ನೋಡಿದ್ದನೋ, ಪ್ರತಿ ಸಲವೂ ಅಕ್ಕ ಸ್ವಲ್ಪ ಹೆಚ್ಚು ಅಳುತ್ತಿದ್ದಳು. ನಿಜದಲ್ಲಿ ಅಕ್ಕ ಅವನೊಡನೆ ಮಾತಾಡಿ ತಿಂಗಳುಗಳೇ ಆಗಿದ್ದವು. ಫೋನು ಮಾಡಿದರೆ ನಿನ್ನ ಹೆಂಡತಿಗೆ ಕೊಡು ಅನ್ನುತ್ತಿದ್ದಳು. ಮದುವೆಯ ಕರೆಯೋಲೆಯೂ ಹೆಂಡತಿಯ ಕೈಗೇ ಬಂದಿತ್ತು, ಕುಟುಂಬ ಸಮೇತ ಎಂದಿತ್ತು, ಆ ಸಮೇತದಲ್ಲಿ ತಾನೂ ಒಬ್ಬ ಎಂದು ಅವನು ತನ್ನಷ್ಟಕ್ಕೆ ಹೇಳಿಕೊಳ್ಳಬೇಕಾಗಿತ್ತು.

ತಪ್ಪು ತನ್ನದೇ ಎಂದು ಅವನಿಗೆ ಗೊತ್ತಿಲ್ಲದೆ ಇರಲಿಲ್ಲ. ಎರಡೂ ಮನೆಯವರು ಮದುವೆ ಮಾತಿಗೆ ಅಕ್ಕನ ಮನೆಯಲ್ಲಿ ಚಹಾಕ್ಕೆ ಸೇರಿದ್ದ ಸಂಜೆ, ಎಲ್ಲರ ಬಾಯಲ್ಲೂ ನಗುವಿದ್ದಾಗ, ಇವನ ನಾಲಿಗೆಗೆ ತುರಿಕೆ ಹತ್ತಿತು. ಹಿಂದಿನ ವಾರವಷ್ಟೇ ಹುಡುಗ ಇವನ ಅಂಗಡಿಗೆ ಬಂದು ಕನ್ನಡಕ ಮಾಡಿಸಿಕೊಂಡಿದ್ದ. ಹುಡುಗನ ಬಲಗಣ್ಣು ಅಷ್ಟಕ್ಕಷ್ಟೆ, ಅದಕ್ಕೇ ನಮ್ಮ ಹುಡುಗಿಯನ್ನ ಒಪ್ಪಿಕೊಂಡಿದ್ದಾನೆ ಎಂದು ಇವನು ಗಟ್ಟಿಯಾಗಿ ಹೇಳಿ, ತಾನೇ ಮೊದಲು ನಕ್ಕ. ಆಮೇಲೂ ತಾನೇ ನಕ್ಕ. ಬೇರೆ ಯಾರೂ ನಗಲಿಲ್ಲ. ಬೀಗಿತ್ತಿಯ ಚಹಾದ ಕಪ್ಪು ಅರ್ಧ ದಾರಿಯಲ್ಲಿ ನಿಂತಿತು. ಹುಡುಗ ಕನ್ನಡಕ ತೆಗೆದು ಒರೆಸಿಕೊಂಡ, ಅಕ್ಕನ ಮಗಳು ಎದ್ದು ಒಳಗೆ ಹೋದಳು, ಭಾವ ಸಕ್ಕರೆ ಸಾಕಾ ಎಂದು ಯಾರನ್ನೋ ಕೇಳಿದರು. ಒಂದೇ ಮಾತಿನಲ್ಲಿ ಹುಡುಗನ ಕಣ್ಣನ್ನೂ ಹುಡುಗಿಯ ಮುಖವನ್ನೂ ಆಡಿಕೊಂಡದ್ದು ಅವನಿಗೆ ಅರ್ಥವಾದದ್ದು ದಾರಿಯಲ್ಲಿ, ಹೆಂಡತಿ ಬಿಡಿಸಿ ಹೇಳಿದ ಮೇಲೆ. ಹೋಗಿ ಕ್ಷಮೆ ಕೇಳಬಹುದಾಗಿತ್ತು. ಕೇಳಬೇಕೆಂದು ಎರಡು ಮೂರು ಸಲ ಅಕ್ಕನ ಮನೆಯ ಬೀದಿಯ ತಿರುವಿನವರೆಗೂ ಹೋಗಿದ್ದ. ಅಷ್ಟರಲ್ಲಿ, ತಮಾಷೆಗೆ ಆಡಿದ್ದನ್ನ ಇಷ್ಟು ದೊಡ್ಡದು ಮಾಡಿ ಮುಖ ಊದಿಸಿಕೊಂಡಿದ್ದಾಳಲ್ಲ, ಚಿಕ್ಕವನು ನಾನು, ಅವಳೇ ಮೊದಲು ಕರೆಯಲಿ ಎಂಬ ಇನ್ನೊಂದು ಯೋಚನೆ ಬಂದು, ತಿರುವಿನ ಅಂಗಡಿಯಲ್ಲಿ ಬೇಡದ ಬಿಸ್ಕತ್ತು ಕೊಂಡು ಮರಳುತ್ತಿದ್ದ. ಮನೆಯಲ್ಲಿ ಬಿಸ್ಕತ್ತಿನ ಪೊಟ್ಟಣಗಳು ಜಾಸ್ತಿಯಾದಾಗ ಹೆಂಡತಿ ಏನೂ ಕೇಳದೆ ಡಬ್ಬಿ ತುಂಬಿಸಿಟ್ಟಳು.

ಕುಂಟು ಕುರ್ಚಿಯ ಬೆನ್ನು ಹಿಡಿಯುವಷ್ಟರಲ್ಲಿ ಇನ್ನೊಂದು ಕೈಯೂ ಅದನ್ನು ಹಿಡಿಯಿತು. ಹಾಡಿನ ಮೇಷ್ಟ್ರು. ಕೋಟಿನ ಗುಂಡಿ ಕೂಡ ಹಾಕಿಕೊಳ್ಳದೆ ಓಡಿಬಂದಿದ್ದರು. ಇಬ್ಬರೂ ಬಹಳ ಮರ್ಯಾದೆಯಿಂದ ನಕ್ಕರು, ಇಬ್ಬರೂ ಕೈ ಬಿಡಲಿಲ್ಲ.

"ನೀವು ಮದುಮಗಳ ಸೋದರಮಾವ, ನೀವಿಲ್ಲಿ ಕೂತರೆ ಚೆನ್ನಾಗಿರಲ್ಲ," ಎಂದರು ಮೇಷ್ಟ್ರು.

"ನೀವು ಹಿರಿಯರು ಮೇಷ್ಟ್ರೇ. ನಿಮ್ಮ ಕಿವಿಗೆ ನೀರು ಬಿದ್ದರೆ ನಾಳೆ ಹಾಡೋರು ಯಾರು?"

ಮೇಷ್ಟ್ರು ಕಿವಿಯ ಮಾತಿಗೆ ಅರೆಕ್ಷಣ ಅಧೀರರಾದರು, ಅಷ್ಟರಲ್ಲಿ ಇವನು ಕೂತುಬಿಟ್ಟ. ಸೋತ ಮೇಷ್ಟ್ರು ಪಕ್ಕದ ಕುರ್ಚಿಯಲ್ಲಿ ಕೂತು, ಅದರ ಕಾಲುಗಳಲ್ಲಿ ಯಾವುದಾದರೂ ಗಿಡ್ಡವಿದೆಯೇ ಎಂದು ಅಲ್ಲಾಡಿಸಿ ನೋಡಿದರು, ಇರಲಿಲ್ಲ, ನಿಟ್ಟುಸಿರು ಬಿಟ್ಟರು. ಆಮೇಲೆ ಸಭೆಯವರು ಒಬ್ಬೊಬ್ಬರೇ ಬರತೊಡಗಿದರು. ಬಾಗಿಲಲ್ಲಿ ನಿಂತು ಎಲ್ಲರೂ ಇವನು ಅಳೆದಂತೆಯೇ ಸಭಾಂಗಣವನ್ನು ಕಣ್ಣಲ್ಲೇ ಅಳೆದು, ಎಲ್ಲರೂ ಹಿಂದಕ್ಕೇ ನುಗ್ಗಿದರು. ಬಡಗಿ ಅಡುಗೆಮನೆಯ ಬಾಗಿಲು ಹಿಡಿದ. ಔಷಧಿ ಅಂಗಡಿಯ ಗಂಡಹೆಂಡಿರು ಒಂದೇ ಕುರ್ಚಿಗಾಗಿ ತಮ್ಮತಮ್ಮಲ್ಲೇ ಪಿಸುಮಾತಿನಲ್ಲಿ ಜಗಳವಾಡಿದರು. ನಿವೃತ್ತ ಶಾಲಾ ಇನ್‌ಸ್ಪೆಕ್ಟರು, ಕುರ್ಚಿ ಎಂಬುದೇ ಒಂದು ದೊಡ್ಡಸ್ತಿಕೆ ಎಂದು ಗೋಡೆಗೆ ಒರಗಿ ನೆಲದ ಮೇಲೆ ಕೂತು, ಎಲ್ಲರನ್ನೂ ಒಂದೇ ಏಟಿಗೆ ಸೋಲಿಸಿಬಿಟ್ಟರು. ಸಭಾಂಗಣದ ಹಿಂಭಾಗದಲ್ಲಿ ಮೊಣಕೈಗೆ ಮೊಣಕೈ ತಾಗುವಷ್ಟು ಜನ, ಮುಂಭಾಗದಲ್ಲಿ ಹೂವಿಟ್ಟ ಮೇಜುಗಳ ಸುತ್ತ ಹುಡುಗಿಯ ಕಡೆಯವರು ಒಬ್ಬರೂ ಇಲ್ಲ. ಇವನ ಹೆಂಡತಿ ಮಾತ್ರ ಯಾವ ಲೆಕ್ಕಾಚಾರವನ್ನೂ ಹಾಕದೆ, ನಟ್ಟನಡುವೆ ಫ್ಯಾನಿನ ಕೆಳಗೆ, ತನ್ನ ಓರಗೆಯವಳೊಬ್ಬಳ ಜೊತೆ ಆರಾಮವಾಗಿ ಕೂತು ಚಪ್ಪಲಿ ಕಳಚಿದಳು. ಕೂರುವ ಮೊದಲು ಇವನತ್ತ ಒಮ್ಮೆ ನೋಡಿದ್ದಳು. ಎಷ್ಟೋ ವರ್ಷದಿಂದ ಕಂಡು ಗೊತ್ತಿರುವ ಕಾಯಿಲೆಯೊಂದು ಮತ್ತೆ ಕಾಣಿಸಿದಾಗ ನೋಡುವಂತಿತ್ತು ಆ ನೋಟ.

ಇವನು ತಲೆ ತಗ್ಗಿಸಿ ಕೂತ. ಕಡೆಯ ಜಾಗದಲ್ಲಿ ಕೂತು ಕತ್ತೆತ್ತಿ ಅತ್ತಿತ್ತ ನೋಡಿದರೆ ಕರೆಯಲಿ ಎಂದು ಕಾಯುತ್ತಿರುವಂತೆ ಕಾಣುತ್ತದೆ, ಕಾಯುತ್ತಿರುವುದು ನಿಜವಾದ್ದರಿಂದ ಇನ್ನೂ ಎಚ್ಚರದಿಂದ ತಗ್ಗಿಸಬೇಕು. ನೆಲದ ಟೈಲಿನ ಮೇಲೆ ಒಂದು ಇರುವೆ ಕೇಕಿನ ಚೂರೊಂದನ್ನು ಎಳೆಯುತ್ತಿತ್ತು. ಅದರ ಕಡೆ ನೋಡುತ್ತ, ಕಿವಿಯನ್ನು ಮಾತ್ರ ವೇದಿಕೆಯತ್ತ ಬಿಟ್ಟು, ಅಕ್ಕನ ಹೆಜ್ಜೆಯ ಸದ್ದಿಗಾಗಿ ಕಾದ. ಅಕ್ಕನ ಹೆಜ್ಜೆ ಅವನಿಗೆ ಗೊತ್ತು. ಚಿಕ್ಕಂದಿನಲ್ಲಿ ಅವನು ಮಾಡಬಾರದ್ದು ಮಾಡಿ ಮಂಚದ ಕೆಳಗೆ ಅಡಗಿದಾಗ ಹುಡುಕಿಕೊಂಡು ಬರುತ್ತಿದ್ದುದು ಅದೇ ಹೆಜ್ಜೆ. ಅವಳು ಮಂಚದವರೆಗೆ ಬಂದು, ಬಗ್ಗಿ ನೋಡದೆ, ಇಲ್ಲೆಲ್ಲೂ ಇಲ್ಲ ಕಣಮ್ಮಾ ಎಂದು ಅಮ್ಮನಿಗೆ ಕೂಗಿ ಹೇಳಿ, ಕಾಲಿನಿಂದ ಅವನ ಮುಂದಕ್ಕೆ ಬೆಲ್ಲದ ಚೂರು ತಳ್ಳುತ್ತಿದ್ದಳು. ಅಂಥವಳು ಈಗ ಇಷ್ಟು ಹೊತ್ತು ಮಾಡುತ್ತಿರುವುದೇಕೆ? ಹೆಜ್ಜೆಗಳು ಬರುತ್ತಿದ್ದವು, ಎಲ್ಲವೂ ಬೇಸಿನ್ನಿಗೆ. ಜನ ಕೈ ತೊಳೆದರು, ಕೊಡವಿದರು, ಅವನ ಎಡಗಿವಿ ಒದ್ದೆಯಾಯಿತು, ಕೊರಳಪಟ್ಟಿ ಒದ್ದೆಯಾಯಿತು. ಯಾರೋ ಬೀಗರ ಕಡೆಯ ಮುದುಕರು, ಸೋಪು ಎಲ್ಲಪ್ಪಾ ಎಂದು ಕೇಳಿದರು. ಇವನು ತಲೆ ಎತ್ತದೆ ಸೋಪು ತೋರಿಸಿದ. ಇನ್ನೊಬ್ಬರು ಕೈ ಒರೆಸಿದ ಕಾಗದವನ್ನು ಇವನ ಕೈಗೇ ಕೊಟ್ಟು ಹೋದರು. ಅದನ್ನೆಲ್ಲಿ ಹಾಕುವುದೆಂದು ತಿಳಿಯದೆ ಜೇಬಿಗೆ ಹಾಕಿಕೊಂಡ. ಇದು ಅವಮಾನ ಎಂದು ಮೈ ಉರಿಯಿತು, ಇದೇ ದೀನತೆ ಎಂದು ತಣ್ಣಗೂ ಆಯಿತು, ಎರಡರಲ್ಲಿ ಯಾವುದು ನಿಜವೆಂದು ನಿರ್ಧರಿಸುವುದರೊಳಗೆ ಇನ್ನೊಂದು ಕಾಗದ ಬಂತು. ಜೇಬು ಉಬ್ಬತೊಡಗಿತು.

ಆಮೇಲೆ ಬಂದವಳು ಬೀಗಿತ್ತಿ, ಮದುಮಗನ ತಾಯಿ. ಜೊತೆಗೆ ಗಂಡ. ಅವರು ಬೇರೆ ಸಭೆಯವರು, ಇವರ ವಾರದ ಪಾಠ ಅವರಿಗೇನು ಗೊತ್ತು? ಬಗ್ಗಿದ ತಲೆಯ ಈ ಮನುಷ್ಯ ಸಭಾಂಗಣದ ಆಳೆಂದುಕೊಂಡು, ಅವನ ಕಿವಿಯ ಮೇಲೆಯೇ ಗಂಡನಿಗೆ ತಗ್ಗಿದ ದನಿಯಲ್ಲಿ ಹೇಳಿದಳು:

"ಹುಡುಗಿ ಕಡೆಯವರು ನೋಡಿದ್ರಾ, ಒಬ್ಬರೂ ಮುಂದೆ ಬಂದಿಲ್ಲ. ಅಷ್ಟು ಜನ ಮೂಲೆ ಸೇರ್ಕೊಂಡಿದಾರೆ. ಅವತ್ತು ಆ ಮಾವ ಕಣ್ಣಿನ ಮಾತು ಆಡಿದ್ನಲ್ಲ, ಎಲ್ಲರ ಮನಸ್ಸಲ್ಲೂ ಅದೇ ಇದೆ. ನಮ್ಮ ಹುಡುಗ ಅವರಿಗೆ ಬೇಡ."

ಗಂಡ, ಸುಮ್ನಿರು, ಆಯ್ತಲ್ಲ ಮದುವೆ ಎಂದ. ಬೀಗಿತ್ತಿ ಕೈ ಒರೆಸಿಕೊಂಡು, ಕಾಗದವನ್ನು ಇವನ ಕೈಯಲ್ಲಿಟ್ಟು, ಥ್ಯಾಂಕ್ಸಪ್ಪಾ ಎಂದು ಹೋದಳು.

ಅವನು ಆಗ ತಲೆ ಎತ್ತಿದ. ಕೂತಾಗಿನಿಂದ ಮೊದಲ ಸಲ ವೇದಿಕೆಯ ಕಡೆ ನೋಡಿದ. ಹೊಟ್ಟೆಪಾಡಿಗೆ ಊರವರ ಕಣ್ಣು ಪರೀಕ್ಷಿಸುವವನಿಗೆ ಇಷ್ಟು ಹೊತ್ತು ಇರುವೆಯೊಂದು ಬಿಟ್ಟು ಬೇರೇನೂ ಕಂಡಿರಲಿಲ್ಲ. ಎಡಗಡೆ ಬೀಗರ ಮೇಜುಗಳು ತುಂಬಿದ್ದವು, ಅಲ್ಲಿಯವರು ಕತ್ತು ತಿರುಗಿಸಿ ತಿರುಗಿಸಿ ಹಿಂದಕ್ಕೆ ನೋಡುತ್ತಿದ್ದರು. ಬಲಗಡೆ ಅಕ್ಕನ ಕಡೆಯ ಮೇಜುಗಳು, ಒಂದರ ಹಿಂದೊಂದು, ಮಡಿಸಿಟ್ಟ ಬಟ್ಟೆಗಳೊಡನೆ ಖಾಲಿ. ಬಡಿಸುವವರು ಜನರಿದ್ದ ಕಡೆಗೆ ಹೋಗಬೇಕಲ್ಲ, ಎಲ್ಲರೂ ಹಿಂದೆಯೇ ಸಿಕ್ಕಿಹಾಕಿಕೊಂಡಿದ್ದರು. ವೇದಿಕೆಯ ಮೇಲೆ ಮದುಮಕ್ಕಳು ಒಬ್ಬರ ಕಿವಿಯಲ್ಲೊಬ್ಬರು ಏನೋ ಹೇಳಿಕೊಂಡು ನಗುತ್ತಿದ್ದರು, ಅವರಿಗೆ ಲೋಕದ ಪರಿವೆ ಇರಲಿಲ್ಲ. ಭಾವ ಅತ್ತಿತ್ತ ಓಡಾಡುತ್ತಿದ್ದರು. ಮೇಜಿನ ಬಲತುದಿಯಲ್ಲಿ ಅಕ್ಕ ಒಬ್ಬಳೇ ಕೂತಿದ್ದಳು, ಹೊಸ ಸೀರೆಯ ಸೆರಗನ್ನು ಮಡಿಲಲ್ಲಿ ಗಟ್ಟಿಯಾಗಿ ಹಿಡಿದುಕೊಂಡು, ಖಾಲಿ ಕುರ್ಚಿಗಳನ್ನು ನೋಡುತ್ತ, ಮುಖದ ಮೇಲೆ ನಗುವೊಂದನ್ನು ಹೇಗೋ ನಿಲ್ಲಿಸಿಕೊಂಡು. ಆ ನಗು ಅವನಿಗೆ ಗೊತ್ತು. ಅಮ್ಮ ಆಸ್ಪತ್ರೆಯಲ್ಲಿದ್ದಾಗ ಬಂದವರಿಗೆಲ್ಲ ಕುರ್ಚಿ ಹಾಕುತ್ತ ಅವಳು ಇದೇ ನಗು ನಗುತ್ತಿದ್ದಳು. ಅವಳು ಬರಲಿ ಎಂದು ತಾನು ಇಲ್ಲಿ ಕಾಯುತ್ತಿದ್ದರೆ ಅವಳು ಅಲ್ಲಿ ಮಗಳ ಮದುವೆಯ ದಿನ ನೆಂಟರಿಲ್ಲದವಳಂತೆ ಕೂತಿದ್ದಾಳೆ. ಇವರೆಲ್ಲ ಹಿಂದೆ ಸೇರಿದ್ದು ಪಾಸ್ಟರ್ ಮಾತಿಗೆ ಇರಬಹುದು, ಬೀಗರಿಗೆ ಕಂಡದ್ದು ಮಾತ್ರ ಅವನು ಚಹಾದ ದಿನ ಆಡಿದ ಮಾತೇ.

ಎದ್ದ. ಎದ್ದದ್ದೇ ತಡ, ಮೇಷ್ಟ್ರು ಅವನ ಕುರ್ಚಿಗೆ ಜಾರಿಕೊಂಡರು, ಕುಂಟು ಕಾಲಿನ ಮೇಲೆ ಒಮ್ಮೆ ಓಲಾಡಿ ಧನ್ಯರಾದವರಂತೆ ಕಣ್ಣು ಮುಚ್ಚಿದರು. ಇವನು ಮೇಜುಗಳ ನಡುವಿನ ದಾರಿ ಹಿಡಿದು ಮುಂದಕ್ಕೆ ನಡೆದ. ಯಾರೂ ಕರೆದಿಲ್ಲ. ಕರೆಯದೆ ಮೇಲಿನ ಜಾಗಕ್ಕೆ ಹೋಗುತ್ತಿರುವ ಮನುಷ್ಯನನ್ನು ಇಡೀ ಸಭೆ ನೋಡುತ್ತಿತ್ತು, ಇದೇ ವಾರ, ಇಂಥ ಪಾಠದ ವಾರ. ನೆಲದ ಮೇಲಿನ ಇನ್‌ಸ್ಪೆಕ್ಟರು ಅಯ್ಯೋ ಪಾಪ ಎಂಬಂತೆ ತಲೆಯಾಡಿಸಿದರು. ಬಡಗಿ ಯಾರಿಗೋ ಏನೋ ಹೇಳಿದ, ಯಾರೋ ನಕ್ಕರು. ಅವನಿಗೆ ತನ್ನ ಒದ್ದೆ ಕಿವಿ, ಉಬ್ಬಿದ ಜೇಬು, ಹೊಸ ಬೂಟಿನ ಕಿರಕಿರ ಸದ್ದು ಎಲ್ಲವೂ ಒಮ್ಮೆಗೇ ತಿಳಿಯತೊಡಗಿತು. ನಡೆದಷ್ಟೂ ಸಭಾಂಗಣ ಉದ್ದವಾಗುತ್ತಿತ್ತು. ಹೆಂಡತಿಯ ಮೇಜನ್ನು ದಾಟುವಾಗ ಅವಳು ಕೈ ಚಾಚಿ ಅವನ ಕೊರಳಪಟ್ಟಿಯನ್ನು ಸರಿಮಾಡಿ, ನಡೀರಿ ಎಂದಳು. ಅಷ್ಟು ಹೇಳಿದ್ದೇ ದೊಡ್ಡ ಉಪಕಾರವಾಯಿತು.

ವೇದಿಕೆ ಹತ್ತಿದ. ಅಕ್ಕನ ಪಕ್ಕದಲ್ಲಿ ಒಂದು ಕುರ್ಚಿ ಖಾಲಿ ಇತ್ತು, ಅದರ ಮೇಲೆ ಅವಳ ಕೈಚೀಲವಿತ್ತು. ಅವನು ಅದರ ಬೆನ್ನ ಮೇಲೆ ಕೈಯಿಟ್ಟ. ಅಕ್ಕ ತಿರುಗಿ ನೋಡದೆ ಹೇಳಿದಳು:

"ಅದು ಪಾಸ್ಟರ್‌ಗೆ ಇಟ್ಟ ಜಾಗ."

ಪಾಸ್ಟರ್ ಹೇಳಿದ್ದು ಇದನ್ನೇ, ಇಷ್ಟನ್ನೇ, ಒಂದಿಷ್ಟೂ ಆಚೀಚೆ ಇಲ್ಲದೆ. ದೊಡ್ಡವರಿಗಿಟ್ಟ ಜಾಗಕ್ಕೆ ಕೈ ಹಾಕಿದ್ದ, ಈಗ ನಾಚಿಕೊಂಡು ಕೆಳಕ್ಕೆ ಹೋಗಬೇಕು. ಕೆಳಕ್ಕೆ ತಿರುಗಿ ನೋಡಿದ. ಅವನ ಕುರ್ಚಿಯಲ್ಲಿ ಮೇಷ್ಟ್ರು ಬೇರು ಬಿಟ್ಟಿದ್ದರು, ಅವರ ಕುರ್ಚಿಯಲ್ಲಿ ಇನ್ಯಾರೋ, ಅವರ ಕುರ್ಚಿಯಲ್ಲಿ ಮತ್ಯಾರೋ. ಹಿಂದೆಲ್ಲೂ ಒಂದು ಸೂಜಿ ಇಡುವಷ್ಟು ಜಾಗವಿರಲಿಲ್ಲ. ಇಡೀ ಸಭಾಂಗಣದಲ್ಲಿ ಮೇಲೂ ಇಲ್ಲದ, ಕೆಳಗೂ ಇಲ್ಲದ ಮನುಷ್ಯ ಅವನೊಬ್ಬನೇ ಆಗಿದ್ದ. ಮೆಟ್ಟಿಲ ಮೇಲೆ ಒಂದು ಕಾಲು, ವೇದಿಕೆಯ ಮೇಲೆ ಒಂದು ಕಾಲು ಇಟ್ಟುಕೊಂಡು ಇಂಗು ತಿಂದ ಮಂಗನಂತೆ ನಿಂತ. ಮಾತಾಡಬೇಕು, ಏನಾದರೂ ಹೇಳಬೇಕು ಎಂದು ಗಂಟಲು ಸರಿಮಾಡಿಕೊಂಡರೆ ಬಂದದ್ದು ಬರೀ ಕೆಮ್ಮು.

ಅಕ್ಕ ಕೆಮ್ಮಿನ ಸದ್ದಿಗೆ ತಿರುಗಿದಳು. ಇವನೆಂದು ಈಗ ಕಂಡಳು. ಕಿವಿಯಿಂದ ಹಿಡಿದು ಬೂಟಿನವರೆಗೆ ಒಮ್ಮೆ ನೋಡಿದಳು.

"ಎಷ್ಟು ಸಲ ಕೈ ಬೀಸಿದೆ ನಾನು," ಎಂದಳು. "ನೆಲದಲ್ಲಿ ಏನು ಹುಡುಕ್ತಿದ್ದೆ ಅಲ್ಲಿ ಕೂತ್ಕೊಂಡು?"

ಅವನು ಇರುವೆ ಎನ್ನುವಂತಿರಲಿಲ್ಲ.

ಅಕ್ಕ ಕೈಚೀಲವನ್ನೆತ್ತಿ ಮಡಿಲಲ್ಲಿಟ್ಟುಕೊಂಡಳು. "ಪಾಸ್ಟರ್ ಅಡುಗೆಮನೆ ಹಿಂದೆ ಮಗುಚಿ ಹಾಕಿದ ಬಕೆಟ್ ಮೇಲೆ ಕೂತಿದಾರೆ. ಎದ್ದು ಬರಲ್ಲ ಅಂದ್ರು. ಎಲ್ಲರಿಗಿಂತ ಕೆಳಗಿನ ಜಾಗ ಅದೇ ಅಂತೆ. ಕೂತ್ಕೋ."

ಅವನು ಕೂತ. ಮುಂದಿನ ಮೇಜುಗಳಲ್ಲಿ ಬೀಗರು ಕತ್ತೆತ್ತಿ ನೋಡಿದರು, ಬೀಗಿತ್ತಿ ಬೇಸಿನ್ನಿನ ಆಳನ್ನು ಅಕ್ಕನ ಪಕ್ಕದಲ್ಲಿ ಕಂಡು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಅಷ್ಟರಲ್ಲಿ ನಡುವಿನ ಮೇಜಿನಿಂದ ಅವನ ಹೆಂಡತಿ ಚಪ್ಪಲಿ ಮೆಟ್ಟಿ ಎದ್ದು, ಓರಗೆಯವಳನ್ನೂ ಎಬ್ಬಿಸಿಕೊಂಡು, ಮುಂದಿನ ಖಾಲಿ ಮೇಜಿಗೆ ಬಂದು ಕೂತಳು, ಕೂತು ಹಿಂದಿದ್ದ ಔಷಧಿ ಅಂಗಡಿಯವರನ್ನು ಕೈ ಮಾಡಿ ಕರೆದಳು. ಕರೆದ ಮೇಲೆ ಬರದೆ ಇರುವಂತಿಲ್ಲವಲ್ಲ, ಪಾಠದಲ್ಲಿ ಅದೂ ಇತ್ತು. ಗಂಡಹೆಂಡಿರು ದೊಡ್ಡ ಮರ್ಯಾದೆ ಸಿಕ್ಕವರಂತೆ ಎದ್ದು ಬಂದರು. ಅವರು ಬಡಗಿಯನ್ನು ಕರೆದರು. ಸಭಾಂಗಣ ನಿಧಾನವಾಗಿ ಮುಂದಕ್ಕೆ ಜರುಗತೊಡಗಿತು.

ಅಕ್ಕ ಅದನ್ನೆಲ್ಲ ನೋಡುತ್ತ ಕೂತಳು. ಸೆರಗನ್ನು ಹಿಡಿದಿದ್ದ ಕೈ ಸಡಿಲವಾಯಿತು. ಇದೇ ಸಮಯ, ಇದು ಬಿಟ್ಟರೆ ಮತ್ತೆ ಬೀದಿಯ ತಿರುವು, ಮತ್ತೆ ಬಿಸ್ಕತ್ತು ಎಂದು ಅವನಿಗೆ ಅನ್ನಿಸಿತು.

"ಅಕ್ಕಾ, ಅವತ್ತು ನಾನು ಆ ಹುಡುಗನ ಕಣ್ಣಿನ ಬಗ್ಗೆ ಆಡಿದ ಮಾತು…"

"ಮರೆತಿಲ್ಲ," ಎಂದಳು ಅಕ್ಕ. "ಅಷ್ಟು ಬೇಗ ಮರೆಯೋದೂ ಇಲ್ಲ."

"ತಪ್ಪಾಯ್ತು."

ಅವಳು ಮಗಳ ಕಡೆ ನೋಡಿದಳು, ಅಳಿಯನ ಕಡೆ ನೋಡಿದಳು. ಅವಳ ಗದ್ದ ಒಮ್ಮೆ ಅದುರಿತು, ಅಳುವೋ ನಗುವೋ ಇವನಿಗೆ ತಿಳಿಯಲಿಲ್ಲ. ಬೀಗರ ಹತ್ತಿರ ಹೋಗಿ ಈಗಲೇ ಕೇಳಿಕೊಳ್ಳಲಾ, ಇಬ್ಬರ ಕಾಲಿಗೂ ಬೀಳಬೇಕಾದರೆ ಬೀಳುತ್ತೇನೆ ಎಂದು ಅವನು ಕುರ್ಚಿಯಿಂದ ಅರ್ಧ ಎದ್ದ. ಅಕ್ಕ ಕೋಟಿನ ತುದಿ ಹಿಡಿದು ಎಳೆದು ಕೂರಿಸಿದಳು.

"ನಾಳೆ ಹೋಗು, ನಾನೂ ಬರ್ತೀನಿ," ಎಂದಳು. "ಇವತ್ತು ನೀನು ಬಾಯಿ ತೆಗೆದರೆ ತಿನ್ನೋದಕ್ಕೆ ಮಾತ್ರ."

ಮೊದಲ ಸುತ್ತು ಬಡಿಸಿ ಹೋದವರು ಮತ್ತೆ ವೇದಿಕೆಯವರೆಗೆ ಬಂದಿರಲಿಲ್ಲ, ಮೇಜಿನ ಈ ತುದಿಯಲ್ಲಿದ್ದದ್ದು ಅಕ್ಕನ ತಟ್ಟೆಯೊಂದೇ. ಅದನ್ನು ಇಬ್ಬರ ನಡುವೆ ಸರಿಸಿ, ರೊಟ್ಟಿ ಮುರಿದು, ದೊಡ್ಡ ತುಂಡನ್ನು ಅವನ ಮುಂದೆ ಹಿಡಿದಳು. ಎಲ್ಲರೂ ನೋಡುತ್ತಿದ್ದರು. ಅವನು ಬಾಯಿ ತೆರೆದ.